ಮಜಲ್‌ಲೋಡರ್ ರೈಫಲ್‌ಗೆ ಸರಿಯಾಗಿ ಕೂರುವ ಸ್ಯಾಬೊ ಮತ್ತು ಗುಂಡು ಆರಿಸುವುದು ಹೇಗೆ

ಸ್ಯಾಬೊ (ಗುಂಡಿಗೆ ತೊಡಿಸುವ ಪ್ಲಾಸ್ಟಿಕ್ ಕವಚ) ಪೊಟ್ಟಣದ ಮೇಲೆ .50 ಅಂತ ಬರೆದಿರುತ್ತದೆ. ನಿಮ್ಮ ರೈಫಲ್ಲಿನ ನಳಿಗೆಯ ಮೇಲೂ .50 ಅಂತ ಕೊರೆದಿರುತ್ತದೆ, ಅಂದರೆ ಒಳ ಅಗಲ ಅರ್ಧ ಇಂಚು. ಎರಡೂ ಒಂದೇ, ಹಾಗಾಗಿ ಕೂತೇ ಕೂರುತ್ತದೆ ಅಂತ ಕೊಂಡು ಮನೆಗೆ ಬರುತ್ತೇವೆ. ಶೂಟಿಂಗ್ ರೇಂಜಿಗೆ ಹೋದಾಗ ಒಂದು ಗುಂಡು ಸರ್ರನೆ ಜಾರಿ ಒಳಗೆ ಬೀಳುತ್ತದೆ. ಇನ್ನೊಂದು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಗುರಿಹಲಗೆಯ ಮೇಲೆ ರಂಧ್ರಗಳು ಎಲ್ಲೆಲ್ಲೋ ಚದುರಿರುತ್ತವೆ. ಆಗ ಹೆಚ್ಚಿನವರು ದೂರ್‍ಬೀನನ್ನು, ಮದ್ದನ್ನು, ಕೊನೆಗೆ ತಮ್ಮ ಕೈಯನ್ನು ಅನುಮಾನಿಸುತ್ತಾರೆ. ನಿಜವಾದ ಕಾರಣ ಸಾಮಾನ್ಯವಾಗಿ ಇಂಚಿನ ಸಾವಿರದಲ್ಲಿ ಎರಡು ಮೂರು ಪಾಲಿನ ವ್ಯತ್ಯಾಸ, ಅಷ್ಟೇ.

ಈ ಲೇಖನ ಅಮೆರಿಕದಲ್ಲಿರುವ ಕನ್ನಡಿಗರಿಗೆ. ಅಲ್ಲಿ ಜಿಂಕೆ ಬೇಟೆಗೆ ಬಹುತೇಕ ರಾಜ್ಯಗಳಲ್ಲಿ ಮಜಲ್‌ಲೋಡರ್‌ಗೇ (ಬಾಯಿಯಿಂದ ಮದ್ದು, ಗುಂಡು ತುಂಬುವ ಬಂದೂಕಿಗೇ) ಅಂತ ಬೇರೆ ಸೀಸನ್ ಇದೆ. ಸಹೋದ್ಯೋಗಿಗಳ ಜೊತೆ ಹೋಗಿ, ಹಂಟರ್ ಎಜುಕೇಶನ್ ಮುಗಿಸಿ, ಮೊದಲ ರೈಫಲ್ ಕೊಂಡವರಿಗೆ ಗುಂಡು ಕೂರಿಸುವ ವಿಷಯವನ್ನು ಯಾರೂ ನಿಧಾನವಾಗಿ ಕೂತು ಹೇಳಿಕೊಡುವುದಿಲ್ಲ.

ಊರಲ್ಲಿ, ಅದರಲ್ಲೂ ಮಲೆನಾಡು ಮತ್ತು ಕೊಡಗಿನಲ್ಲಿ, ಕೇಪಿನ ಕೋವಿ ನೋಡಿ ಬೆಳೆದವರಿಗೆ ಒಂದು ಮಾತು ಮೊದಲೇ ಹೇಳಬೇಕು. ಬಾಯಿಯಿಂದ ಮದ್ದು ಸುರಿದು, ಗಜದಲ್ಲಿ ಜಡಿದು, ಕೇಪು ಇಟ್ಟು ಹೊಡೆಯುವ ಆ ಕೋವಿಯೂ ಮಜಲ್‌ಲೋಡರೇ. ಆದರೆ ಅದರ ನಳಿಗೆ ಒಳಗೆ ನುಣುಪಾಗಿರುತ್ತದೆ, ಚರೆ ಹಾಕುವುದಕ್ಕೆ ಮಾಡಿದ್ದು. ಸ್ಯಾಬೊ ಕೆಲಸ ಮಾಡುವುದು ಒಳಗೆ ತಿರುಚು ತೋಡುಗಳಿರುವ ರೈಫಲ್‌ನಲ್ಲಿ ಮಾತ್ರ. ಇಲ್ಲಿ ಹೇಳುವುದು ಯಾವುದೂ ಊರಿನ ಕೋವಿಗೆ ಹೊಂದುವುದಿಲ್ಲ. ಭಾರತದಲ್ಲಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಈಗ ಬೇಟೆಯ ಮಾತೇ ಇಲ್ಲ.

ಸ್ಯಾಬೊ ಏನು ಮಾಡುತ್ತದೆ

ಸ್ಯಾಬೊ ಅಂದರೆ ಗುಂಡಿಗೆ ತೊಡಿಸುವ ಪ್ಲಾಸ್ಟಿಕ್ ಲೋಟ. ಅದರ ಗೋಡೆಯನ್ನು ಉದ್ದಕ್ಕೆ ಸೀಳಿರುತ್ತಾರೆ, ಸಾಮಾನ್ಯವಾಗಿ ನಾಲ್ಕು ಎಸಳು. .50 ಕ್ಯಾಲಿಬರ್ ನಳಿಗೆಯಲ್ಲಿ .45 ಅಥವಾ .44 ಕ್ಯಾಲಿಬರ್ ಗುಂಡು ಹಾರಿಸಲು ಇದು ಬೇಕು. ನಡುವಿನ ಖಾಲಿ ಜಾಗವನ್ನು ಪ್ಲಾಸ್ಟಿಕ್ ತುಂಬುತ್ತದೆ. ಮದ್ದು ಉರಿದಾಗ ಹಿಂದಿನ ಅನಿಲ ಮುಂದಕ್ಕೆ ನುಗ್ಗದಂತೆ ತಡೆಯುತ್ತದೆ. ನಳಿಗೆಯ ತಿರುಚನ್ನು ಹಿಡಿದು ಗುಂಡನ್ನೂ ತನ್ನ ಜೊತೆ ತಿರುಗಿಸುತ್ತದೆ. ಹೊರಗೆ ಬಂದ ಕೂಡಲೇ ಎಸಳುಗಳು ಗಾಳಿಗೆ ಅರಳಿ ಹಿಂದೆ ಬೀಳುತ್ತವೆ. ಗುಂಡು ಒಂದೇ ಮುಂದೆ ಹೋಗುತ್ತದೆ.

ಇಷ್ಟೂ ಕೆಲಸವನ್ನು ಒಂದು ಚೂರು ಪ್ಲಾಸ್ಟಿಕ್ ಕಣ್ಣು ಮಿಟುಕಿಸುವುದರೊಳಗೆ ಮಾಡಬೇಕು. ಸಡಿಲವಾಗಿದ್ದರೆ ಅನಿಲ ಪಕ್ಕದಿಂದ ನುಗ್ಗಿ ಪ್ಲಾಸ್ಟಿಕ್ಕನ್ನು ಸುಟ್ಟು ಹಾಕುತ್ತದೆ. ಒತ್ತಡ ಒಂದು ಸಲ ಹಾಗೆ, ಒಂದು ಸಲ ಹೀಗೆ ಬರುತ್ತದೆ, ಗುಂಪು (ಗುರಿಹಲಗೆಯ ಮೇಲೆ ಒಟ್ಟಿಗೆ ಬೀಳಬೇಕಾದ ರಂಧ್ರಗಳು) ಚದುರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಡಿಲ ಗುಂಡು ಕಾಡಿನಲ್ಲಿ ನಡೆಯುವಾಗ ಮದ್ದಿನಿಂದ ಮುಂದಕ್ಕೆ ಸರಿಯಬಹುದು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ಗುಂಡು ನಳಿಗೆಗೆ ಅಡ್ಡ ನಿಂತಂತೆ. ಹಾರಿಸಿದಾಗ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು.

ಬಿಗಿಯಾದರೂ ಕಷ್ಟವೇ. ಬಲವಂತವಾಗಿ ತುರುಕಿದಾಗ ಎಸಳು ಹರಿಯುತ್ತದೆ, ಗುಂಡಿನ ಮೂತಿ ಜಜ್ಜುತ್ತದೆ. ಮಸಿ ಹಿಡಿದ ನಳಿಗೆಯಲ್ಲಿ ಎರಡನೇ ಈಡು ಕೆಳಗೆ ಮುಟ್ಟುವುದೇ ಇಲ್ಲ. ಅಲ್ಲಿಗೆ ಮತ್ತೆ ಅದೇ ಅಪಾಯ, ಮದ್ದಿನ ಮೇಲೆ ಖಾಲಿ ಜಾಗ.

ಕೊಳ್ಳುವ ಮೊದಲು ರಾಜ್ಯದ ನಿಯಮ ನೋಡಿ

ಇದನ್ನು ಕೊನೆಗೆ ನೋಡಿದವರು ಕೊಂಡ ಪೊಟ್ಟಣಗಳನ್ನು ಕಪಾಟಿನಲ್ಲಿಡಬೇಕಾಗುತ್ತದೆ. ಕೊಲರಾಡೊದ ಮಜಲ್‌ಲೋಡರ್ ಸೀಸನ್ನಿನಲ್ಲಿ ಸ್ಯಾಬೊ ಬಳಸುವಂತಿಲ್ಲ, ಗುಳಿಗೆ ರೂಪದ ಮದ್ದನ್ನೂ ಬಳಸುವಂತಿಲ್ಲ. ಐಡಾಹೊದ ಮಜಲ್‌ಲೋಡರ್ ಸೀಸನ್ನಿನಲ್ಲೂ ಸ್ಯಾಬೊಗೆ ಅವಕಾಶವಿಲ್ಲ. ಅಲ್ಲೆಲ್ಲ ನಳಿಗೆಯಷ್ಟೇ ದಪ್ಪದ ಗುಂಡು ಬೇಕು, ಅದರ ಲೆಕ್ಕಾಚಾರವೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ಬಳಸುವಂತಿಲ್ಲ. ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯವರು ಪೂರ್ತಿ ತಾಮ್ರದ ಗುಂಡಿನಿಂದಲೇ ಹುಡುಕಾಟ ಶುರು ಮಾಡಬೇಕು. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಆಯಾ ರಾಜ್ಯದ ವನ್ಯಜೀವಿ ಇಲಾಖೆ ಪ್ರತಿ ಸೀಸನ್‌ಗೆ ಹೊಸ ಕೈಪಿಡಿ ಹೊರಡಿಸುತ್ತದೆ. ಈ ವರ್ಷದ್ದನ್ನೇ ಓದಿ.

ಎಚ್‌1ಬಿ ಥರದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು, ಗುಂಡು, ಮದ್ದು ಮುಟ್ಟುವ ಮೊದಲೇ ತಮಗೆ ಅನ್ವಯಿಸುವ ಫೆಡರಲ್ ಮತ್ತು ರಾಜ್ಯ ಕಾನೂನನ್ನು ಬಲ್ಲ ವಕೀಲರಿಂದ ಕೇಳಿ ತಿಳಿದುಕೊಳ್ಳಿ. ಅಂಗಡಿಯವರ ಮಾತು, ಗೆಳೆಯರ ಮಾತು ಇಲ್ಲಿ ಸಾಲದು.

ನಳಿಗೆಯ ತಿರುಚು ಎಷ್ಟು

ರೈಫಲ್ಲಿನ ಕೈಪಿಡಿಯಲ್ಲಿ ಅಥವಾ ನಳಿಗೆಯ ಮೇಲೆಯೇ 1:28 ಅಂತಲೋ 1:48 ಅಂತಲೋ ಬರೆದಿರುತ್ತಾರೆ. 1:28 ಅಂದರೆ 28 ಇಂಚು ಸಾಗುವಷ್ಟರಲ್ಲಿ ಗುಂಡು ಒಂದು ಪೂರ್ತಿ ಸುತ್ತು ತಿರುಗುತ್ತದೆ. ಸ್ಯಾಬೊದಲ್ಲಿ ಹೋಗುವ ಉದ್ದನೆಯ ಗುಂಡಿಗೆ ಇಂಥ ಚುರುಕು ತಿರುಚು ಬೇಕು. ಇವತ್ತಿನ .50 ಇನ್‌ಲೈನ್ ರೈಫಲ್‌ಗಳಲ್ಲಿ (ಕಿಡಿ ಕೊಡುವ ಪ್ರೈಮರ್ ನಳಿಗೆಯ ನೇರ ಹಿಂದೆ ಕೂರುವಂಥವು) ಬಹುತೇಕ 1:28 ಇರುತ್ತದೆ. ಕೆಲವದರಲ್ಲಿ 1:24, 1:32 ಕೂಡ ಇದೆ. ಇವೆಲ್ಲ ಸ್ಯಾಬೊಗೆ ಚೆನ್ನಾಗಿಯೇ ಹೊಂದುತ್ತವೆ.

1:66ರಂಥ ನಿಧಾನ ತಿರುಚಿನ ಹಳೇ ಮಾದರಿಯ ರೈಫಲ್ ನಿಮ್ಮ ಬಳಿ ಇದ್ದರೆ ಸ್ಯಾಬೊದ ಆಸೆ ಬಿಡಿ. ಅದು ಬಟ್ಟೆ ಸುತ್ತಿದ ದುಂಡು ಸೀಸದ ಗುಂಡಿಗೆ ಹೇಳಿ ಮಾಡಿಸಿದ್ದು, ಅದರಲ್ಲೇ ಸೊಗಸಾಗಿ ಹೊಡೆಯುತ್ತದೆ. 1:48 ನಡುವಿನದು. ಅದರಲ್ಲಿ ಗಿಡ್ಡ, ಹಗುರ ಗುಂಡಿನ ಸ್ಯಾಬೊ ಕೆಲವೊಮ್ಮೆ ಒಪ್ಪುತ್ತದೆ, ಕೆಲವೊಮ್ಮೆ ಇಲ್ಲ.

ನಳಿಗೆಯನ್ನು ಅಳೆಯಿರಿ

ಇಡೀ ಕೆಲಸದ ಜೀವ ಇಲ್ಲಿದೆ. ಉಳಿದದ್ದನ್ನೆಲ್ಲ ಅವಸರದಲ್ಲಿ ಮಾಡಿದರೂ ಇದನ್ನು ಮಾತ್ರ ನಿಧಾನವಾಗಿ ಮಾಡಿ.

.50 ಅಂತ ಬರೆದ ನಳಿಗೆಗಳೆಲ್ಲ ಕರಾರುವಾಕ್ಕಾಗಿ ಅರ್ಧ ಇಂಚು ಇರುವುದಿಲ್ಲ. ಒಂದು ಕಂಪನಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗಳಲ್ಲೂ ಇರಬಹುದು. ವ್ಯತ್ಯಾಸ ಎರಡೋ ಮೂರೋ ಥೌ ಅಷ್ಟೇ. ಥೌ ಅಂದರೆ ವರ್ಕ್‌ಶಾಪಿನವರು ಹೇಳುವ ಇಂಚಿನ ಸಾವಿರದಲ್ಲೊಂದು ಪಾಲು, ಮಿಲಿಮೀಟರ್ ಲೆಕ್ಕದಲ್ಲಿ 0.0254. ಕಣ್ಣಿಗೆ ಕಾಣದ ಈ ಅಳತೆ ಗುಂಡು ತುಂಬುವಾಗ ಕೈಗೆ ಚೆನ್ನಾಗಿಯೇ ತಿಳಿಯುತ್ತದೆ.

ನಳಿಗೆಯ ಒಳಗೆ ಎರಡು ಅಳತೆಗಳಿವೆ. ತಿರುಚಿಕೊಂಡು ಹೋಗುವ ತೋಡುಗಳಿವೆ, ಅವುಗಳ ನಡುವೆ ಉಬ್ಬಿ ನಿಂತ ಏಣುಗಳಿವೆ. ಏಣಿನಿಂದ ಎದುರಿನ ಏಣಿಗೆ ಇರುವ ದೂರವೇ ನಮಗೆ ಮುಖ್ಯ. ಸ್ಯಾಬೊ ಮೊದಲು ಎದುರಿಸುವುದು ಅದನ್ನೇ.

ಮೊದಲು ರೈಫಲ್ ಖಾಲಿ ಇದೆಯಾ ನೋಡಿ. ಪ್ರೈಮರ್ ತೆಗೆದಿರಬೇಕು. ರ್‍ಯಾಮ್‌ರಾಡ್ (ಗುಂಡು ತಳ್ಳುವ ಗಜ) ಒಳಗಿಟ್ಟು, ಅದು ತಳದ ತನಕ ಹೋಗುತ್ತದಾ ಅಂತ ಹೊರಗಿನಿಂದ ಅಳೆದು ಖಚಿತ ಮಾಡಿಕೊಳ್ಳಿ. ಆಮೇಲೆ ಬ್ರೀಚ್ ಪ್ಲಗ್ (ನಳಿಗೆಯ ಹಿಂಬದಿ ಮುಚ್ಚುವ ತಿರುಪು) ಬಿಚ್ಚಿ. ಇನ್‌ಲೈನ್ ರೈಫಲ್ಲಿನ ದೊಡ್ಡ ಅನುಕೂಲ ಇದೇ, ಎರಡೂ ಕಡೆಯಿಂದ ಬೆಳಕು ಕಾಣುತ್ತದೆ. ನಳಿಗೆಯನ್ನು ಚೆನ್ನಾಗಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ.

ಈಗ ನಳಿಗೆಗಿಂತ ಕೂದಲೆಳೆಯಷ್ಟು ದಪ್ಪವಿರುವ ಮೆತ್ತನೆಯ ಶುದ್ಧ ಸೀಸದ ಗುಂಡೊಂದನ್ನು ಬಾಯಿಯಲ್ಲಿಡಿ. ಮರದ ಸುತ್ತಿಗೆ, ಶಾರ್ಟ್ ಸ್ಟಾರ್ಟರ್ (ಗುಂಡನ್ನು ಬಾಯಿಯೊಳಗೆ ಮೊದಲು ಇಳಿಸುವ ಗಿಡ್ಡ ಕೋಲು) ಬಳಸಿ ಒಳಗೆ ಕೂರಿಸಿ. ನಂತರ ಗಟ್ಟಿ ರಾಡಿನಲ್ಲಿ ನಿಧಾನವಾಗಿ ತಳ್ಳಿ, ಹಿಂದಿನಿಂದ ಹೊರಗೆ ತೆಗೆಯಿರಿ. ತಳ್ಳುವಾಗ ಕೈಗೆ ಏನು ಅನ್ನಿಸುತ್ತದೆ ಅಂತ ಗಮನಿಸಿ. ಒಳ್ಳೆಯ ನಳಿಗೆಯಲ್ಲಿ ಉದ್ದಕ್ಕೂ ಒಂದೇ ಬಿಗಿ ಇರುತ್ತದೆ. ನಡುವೆ ಎಲ್ಲೋ ಸಡಿಲವಾಗಿ ಮತ್ತೆ ಬಿಗಿಯಾದರೆ ಆ ಜಾಗವನ್ನು ನೆನಪಿಟ್ಟುಕೊಳ್ಳಿ. ತುಕ್ಕಿನ ಒರಟು ಕೂಡ ಹೀಗೆಯೇ ಕೈಗೆ ಸಿಗುತ್ತದೆ.

ಹೊರಬಂದ ಸೀಸದ ಮೇಲೆ ನಳಿಗೆಯ ಅಚ್ಚು ಮೂಡಿರುತ್ತದೆ, ತಲೆಕೆಳಗಾಗಿ. ಸೀಸದಲ್ಲಿ ತಗ್ಗಾದದ್ದು ನಳಿಗೆಯ ಏಣು, ಉಬ್ಬಿದ್ದು ತೋಡು. ಎದುರುಬದುರಿನ ಎರಡು ತಗ್ಗುಗಳ ನಡುವಿನ ಅಳತೆ ತೆಗೆದುಕೊಳ್ಳಿ. ಕ್ಯಾಲಿಪರ್‌ನ ಚೂಪಾದ ತುದಿಯ ಭಾಗ ಬಳಸಿದರೆ ತಗ್ಗಿನೊಳಗೆ ಕೂರುತ್ತದೆ. ಮೈಕ್ರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಸೀಸ ಮೆತ್ತಗೆ, ಒತ್ತಿ ಹಿಡಿದರೆ ಅಳತೆ ತಪ್ಪುತ್ತದೆ, ಹಾಗಾಗಿ ಹಗುರವಾಗಿ ಮುಟ್ಟಿಸಿ. ಮೂರು ಕಡೆ ಅಳೆದು ಬರೆದಿಡಿ. ತೋಡುಗಳ ಸಂಖ್ಯೆ ಬೆಸವಾಗಿದ್ದರೆ ಏಣಿನ ಎದುರಿಗೆ ತೋಡು ಬರುತ್ತದೆ. ಆಗ ಸಾಮಾನ್ಯ ಕ್ಯಾಲಿಪರ್ ಸಾಲದು, ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಬಳಿ ಕೊಟ್ಟು ಅಳೆಸಿ.

ಪಿನ್ ಗೇಜ್ (ಅಳತೆ ಗೊತ್ತಿರುವ ಉಕ್ಕಿನ ಕಡ್ಡಿ) ಇಟ್ಟುಕೊಂಡವರು ಅದನ್ನೇ ಬಾಯಿಯಲ್ಲಿ ಇಳಿಸಿ ನೋಡುತ್ತಾರೆ. ಅದು ಸುಲಭ, ಆದರೆ ಒಂದು ಮೋಸ ಇದೆ. ಕೆಲವು ರೈಫಲ್‌ಗಳ ಬಾಯಿಯನ್ನು ಗುಂಡು ಸುಲಭವಾಗಿ ಇಳಿಯಲಿ ಅಂತ ಒಂದಿಷ್ಟು ದೂರ ತೋಡಿಲ್ಲದೆ ಅಗಲವಾಗಿ ಕೊರೆದಿರುತ್ತಾರೆ. ಥಾಂಪ್ಸನ್ ಸೆಂಟರ್ ಬಂದೂಕು ಕಂಪನಿಯವರು ಇದನ್ನು ಕ್ಯೂಎಲ್‌ಎ ಅಂತ ಕರೆದರು. ಅಂಥ ನಳಿಗೆಯಲ್ಲಿ ಬಾಯಿಯ ಅಳತೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಸ್ಯಾಬೊ ಸಡಿಲವಾಗಿ ಕಂಡರೂ ಒಳಗೆ ಬಿಗಿಯಾಗಬಹುದು. ಸೀಸ ತಳ್ಳುವುದೇ ಸರಿಯಾದ ದಾರಿ.

ಗುಂಡು ಆರಿಸುವುದು

ಸ್ಯಾಬೊಗಿಂತ ಮೊದಲು ಗುಂಡನ್ನು ಆರಿಸಬೇಕು. ಕಾರಣ ಸರಳ. ಪ್ರಾಣಿಯನ್ನು ಮುಟ್ಟುವುದು ಗುಂಡು. ಪ್ರಾಣಿ ನರಳದೆ ಒಂದೇ ಈಡಿಗೆ ಬೀಳಬೇಕು. ಆ ಜವಾಬ್ದಾರಿ ಬೇಡ ಅನ್ನಿಸಿದರೆ ಬೇಟೆಯೇ ಬೇಡ.

.50 ರೈಫಲ್‌ಗೆ ಹೆಚ್ಚಾಗಿ ಸಿಗುವುದು ಎರಡು ಗಾತ್ರ. .44 ಕ್ಯಾಲಿಬರ್ ಅಂತ ಮಾರುವ ಗುಂಡಿನ ನಿಜ ಅಳತೆ .429 ಅಥವಾ .430 ಇಂಚು. .45 ಅಂತ ಮಾರುವುದು .451 ಅಥವಾ .452. ಇದಲ್ಲದೆ .458ರ ಗುಂಡುಗಳೂ ಇವೆ, ಅವು ದೊಡ್ಡ ರೈಫಲ್ ತೋಟೆಗಳಿಗೆ ಮಾಡಿದವು, ಅವಕ್ಕೆ ತೆಳು ಗೋಡೆಯ ಬೇರೆ ಸ್ಯಾಬೊ ಬೇಕು. .45 ಕ್ಯಾಲಿಬರ್ ಮಜಲ್‌ಲೋಡರ್‌ನಲ್ಲಾದರೆ .400 ಇಂಚಿನ ಗುಂಡು ಹಾಕುವುದು ವಾಡಿಕೆ. ಪೊಟ್ಟಣದಲ್ಲಿ ಕ್ಯಾಲಿಬರ್ ಹೆಸರು ನೋಡಿ ಕೊಳ್ಳಬೇಡಿ, ಇಂಚಿನಲ್ಲಿ ಬರೆದ ವ್ಯಾಸ ಹುಡುಕಿ.

ನನ್ನ ಒಲವು .451 ಅಥವಾ .452ರ ಕಡೆ. ಅದಕ್ಕೆ ಬೇಕಾಗುವ ಪ್ಲಾಸ್ಟಿಕ್ ಗೋಡೆ ತೆಳುವು. .500 ನಳಿಗೆಯಲ್ಲಿ .452 ಗುಂಡಿಟ್ಟರೆ ಪ್ರತಿ ಬದಿಗೆ 24 ಥೌ ಜಾಗ ಉಳಿಯುತ್ತದೆ. .430 ಗುಂಡಾದರೆ 35 ಥೌ. ದಪ್ಪ ಗೋಡೆಯ ಸ್ಯಾಬೊ ಕೆಟ್ಟದ್ದೇನಲ್ಲ, ಅದರಿಂದ ಚೆಂದ ಗುಂಪು ಹೊಡೆಯುವ ರೈಫಲ್‌ಗಳೂ ಇವೆ. ಆದರೆ ಪ್ಲಾಸ್ಟಿಕ್ ಜಾಸ್ತಿ ಆದಷ್ಟೂ ಗುಂಡು ನಟ್ಟನಡುವೆ ಕೂರದೆ ಒಂದು ಕೂದಲು ಆಚೀಚೆ ಆಗುವ ಸಾಧ್ಯತೆ ಜಾಸ್ತಿ. ಇನ್ನೊಂದು ಲಾಭವೂ ಇದೆ. .451 ಮತ್ತು .452 ಎರಡೂ ಸಿಗುವುದರಿಂದ ಸ್ಯಾಬೊ ಬದಲಿಸದೆ ಒಂದು ಥೌ ಬಿಗಿ ಅಥವಾ ಸಡಿಲ ಮಾಡಿಕೊಳ್ಳಬಹುದು. ಇದು ತುಂಬಾ ಕೆಲಸಕ್ಕೆ ಬರುವ ಉಪಾಯ, ಮುಂದೆ ಹೇಳುತ್ತೇನೆ.

ತೂಕಕ್ಕೆ ಬಂದರೆ ಜಿಂಕೆಗೆ 250 ಗ್ರೇನ್ ಸಾಕು, 300 ಗ್ರೇನ್ ಧಾರಾಳ. ಗ್ರಾಂ ಲೆಕ್ಕದಲ್ಲಿ ಸುಮಾರು 16 ಮತ್ತು 19.

ಗುಂಡು ಯಾವ ವೇಗಕ್ಕೆ ಮಾಡಿದ್ದು ಅನ್ನುವುದನ್ನು ಜನ ಮರೆಯುತ್ತಾರೆ. .45 ಗುಂಡುಗಳಲ್ಲಿ ಬಹಳಷ್ಟು ಪಿಸ್ತೂಲಿಗೆ ಮಾಡಿದವು. ಪಿಸ್ತೂಲಿನ ನಿಧಾನ ವೇಗದಲ್ಲಿ ಅರಳುವ ಗುಂಡನ್ನು ಮಜಲ್‌ಲೋಡರ್‌ನಿಂದ ಅದರ ಎರಡು ಪಟ್ಟು ವೇಗದಲ್ಲಿ ಹತ್ತಿರದಿಂದ ಹೊಡೆದರೆ, ಅದು ಚರ್ಮದ ಬಳಿಯೇ ಒಡೆದು ಚೂರಾಗಬಹುದು. ಒಳಗೆ ಹೋಗಬೇಕಾದಷ್ಟು ಹೋಗುವುದಿಲ್ಲ. ಅದಕ್ಕೇ ಮಜಲ್‌ಲೋಡರ್ ವೇಗಕ್ಕೆ ಅಂತಲೇ ಮಾಡಿದ್ದನ್ನು, ಅಥವಾ ದೊಡ್ಡ ಮ್ಯಾಗ್ನಮ್ ರಿವಾಲ್ವರ್‌ಗೆ ಮಾಡಿದ ಗಟ್ಟಿ ಹೊದಿಕೆಯದ್ದನ್ನು ಆರಿಸಿ. ಹಾರ್ನಡಿ ಕಂಪನಿಯ ಎಕ್ಸ್‌ಟಿಪಿ ಸಾಲಿನಲ್ಲಿ ಸಾದಾ ಒಂದು, ಮ್ಯಾಗ್ ಅನ್ನುವುದು ಇನ್ನೊಂದು, ಎರಡೂ .452ರಲ್ಲಿ ಸಿಗುತ್ತವೆ. ಡಬ್ಬಿಯನ್ನು ಓದಿ ತೆಗೆದುಕೊಳ್ಳಿ. ಬಾರ್ನ್ಸ್ ಕಂಪನಿಯವರ ಪೂರ್ತಿ ತಾಮ್ರದ ಗುಂಡುಗಳು ಸೀಸ ನಿಷೇಧ ಇರುವ ಕಡೆಗೂ ಆಗುತ್ತವೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. 1:28 ನಳಿಗೆ ಅದನ್ನು ಸಂಭಾಳಿಸುತ್ತದೆ.

ಗುಂಡಿನ ಬುಡವನ್ನೂ ನೋಡಿ. ಬುಡ ಚಪ್ಪಟೆ ಇದ್ದರೆ ಒಳತಳ ಚಪ್ಪಟೆ ಇರುವ ಸ್ಯಾಬೊ ಬೇಕು. ದೋಣಿಯ ಹಿಂಭಾಗದಂತೆ ಇಳಿಜಾರಾದ ಬುಡವಿದ್ದರೆ ಅದೇ ಆಕಾರದ ಒಳತಳ ಇರಬೇಕು. ಬಾರ್ನ್ಸ್‌ನ ಟಿಎಂಜೆಡ್ ಗುಂಡು ಅಂಥದ್ದು, ಅದರ ಜೊತೆ ಅದಕ್ಕೆ ಹೊಂದುವ ಸ್ಯಾಬೊ ಬರುತ್ತದೆ. ಟಿ-ಈಜೆಡ್ ಅನ್ನುವುದು ಚಪ್ಪಟೆ ಬುಡದ್ದು, ಬಿಗಿ ನಳಿಗೆಗಳಲ್ಲಿ ಸುಲಭವಾಗಿ ಇಳಿಯಲಿ ಅಂತಲೇ ಮಾಡಿದ್ದು. ಒಂದರ ಸ್ಯಾಬೊ ತೆಗೆದು ಇನ್ನೊಂದಕ್ಕೆ ಹಾಕಬೇಡಿ.

ಒಂದು ಎಚ್ಚರಿಕೆ. ಶಾಟ್‌ಗನ್ ತೋಟೆಯಲ್ಲಿ ಬರುವ ಸ್ಯಾಬೊ ಸ್ಲಗ್ ಬೇರೆ, ಇದು ಬೇರೆ. ಹೆಸರು ಒಂದೇ ಅಂತ ಅದನ್ನು ಬಿಚ್ಚಿ ಇಲ್ಲಿ ಹಾಕುವ ಪ್ರಯೋಗ ಯಾವತ್ತೂ ಬೇಡ.

ಸ್ಯಾಬೊ ಹೊಂದಿಸುವುದು

ಗುಂಡು ನಿರ್ಧಾರವಾಯಿತು, ನಳಿಗೆಯ ಅಳತೆ ಕೈಯಲ್ಲಿದೆ. ಈಗ ಎರಡು ಮೂರು ಬಗೆಯ ಸ್ಯಾಬೊಗಳ ಸಣ್ಣ ಪೊಟ್ಟಣ ತನ್ನಿ. ಒಂದೇ ಬಗೆಯ ದೊಡ್ಡ ಪೊಟ್ಟಣ ತರಬೇಡಿ. ಎಂಎಂಪಿ, ಹಾರ್ವೆಸ್ಟರ್ ಇವರಿಬ್ಬರ ಸ್ಯಾಬೊಗಳ ಹೆಸರು ಅಮೆರಿಕದ ಬೇಟೆಗಾರರ ಬಾಯಲ್ಲಿ ಜಾಸ್ತಿ ಕೇಳುತ್ತದೆ. ಹಾರ್ವೆಸ್ಟರ್‌ನ ಕ್ರಶ್ ರಿಬ್ ಅನ್ನುವ ಬಗೆಯಲ್ಲಿ ಹೊರಮೈ ಮೇಲೆ ಸಣ್ಣ ಸಣ್ಣ ಗೆರೆಗಳು ಉಬ್ಬಿರುತ್ತವೆ. ತಳ್ಳುವಾಗ ಆ ಗೆರೆಗಳು ಚಪ್ಪಟೆಯಾಗುತ್ತವೆ, ಅದರಿಂದ ನುಣುಪು ಸ್ಯಾಬೊಗಿಂತ ಹಗುರವಾಗಿ ಇಳಿಯುತ್ತದೆ. ಬಿಗಿ ನಳಿಗೆಯವರು ಮೊದಲು ಇದನ್ನೇ ನೋಡಿ. ಬಣ್ಣ ನೋಡಿ ಕೊಳ್ಳುವ ಅಭ್ಯಾಸ ಬೇಡ. ಒಬ್ಬರ ಕಪ್ಪು ಇನ್ನೊಬ್ಬರ ಕಪ್ಪಿಗೆ ಸಮ ಅಲ್ಲ.

ಗುಂಡನ್ನು ಸ್ಯಾಬೊದೊಳಗೆ ಬುಡ ಮುಟ್ಟುವ ತನಕ ಒತ್ತಿ ಕೂರಿಸಿ. ನಡುವೆ ಗಾಳಿ ಉಳಿಯಬಾರದು, ಗುಂಡು ಅತ್ತಿತ್ತ ಅಲ್ಲಾಡಬಾರದು. ಬೋರಲು ಹಿಡಿದಾಗ ಗುಂಡು ತಾನಾಗಿ ಕಳಚಿ ಬಿದ್ದರೆ ಅದು ಆ ಗುಂಡಿನ ಸ್ಯಾಬೊ ಅಲ್ಲ. ಈಗ ಎರಡನ್ನೂ ಸೇರಿಸಿ ಹೊರಗಿನ ದಪ್ಪ ಅಳೆಯಿರಿ. ಸೀಳಿನ ಮೇಲೆ ಅಲ್ಲ, ಎಸಳಿನ ನಡುವೆ ಕ್ಯಾಲಿಪರ್ ಇಡಿ. ಈ ಅಳತೆ ನಳಿಗೆಯ ಏಣಿನ ಅಳತೆಗಿಂತ ಕೆಲವು ಥೌ ಜಾಸ್ತಿ ಇರಬೇಕು. ಸಮ ಇದ್ದರೆ ಅಥವಾ ಕಡಿಮೆ ಇದ್ದರೆ ಸಡಿಲ, ಪಕ್ಕಕ್ಕಿಡಿ. ಪ್ಲಾಸ್ಟಿಕ್ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಕ್ಯಾಲಿಪರ್ ಕೊಡುವುದು ಅಂದಾಜು. ಕೊನೆಯ ತೀರ್ಪು ಕೈಯದ್ದು.

ಆ ಕೈ ಪರೀಕ್ಷೆಯನ್ನು ಮದ್ದಿಲ್ಲದೆ ಮನೆಯಲ್ಲೇ ಮಾಡಬಹುದು. ಬ್ರೀಚ್ ಪ್ಲಗ್ ಬಿಚ್ಚಿದ, ಎಣ್ಣೆ ಒರೆಸಿ ತೆಗೆದ ಖಾಲಿ ನಳಿಗೆ ತೆಗೆದುಕೊಳ್ಳಿ. ಶಾರ್ಟ್ ಸ್ಟಾರ್ಟರ್‌ನಿಂದ ಒಂದು ಗಟ್ಟಿ ಒತ್ತು ಕೊಟ್ಟು ಸ್ಯಾಬೊ ಸಮೇತ ಗುಂಡನ್ನು ಒಳಗೆ ಇಳಿಸಿ. ಆಮೇಲೆ ರ್‍ಯಾಮ್‌ರಾಡಿನಿಂದ ಒಂದೇ ಸಮ ಒತ್ತಡದಲ್ಲಿ ತಳ್ಳಿ. ಬೇಕಾಗುವ ಬಿಗಿ ಹೇಗಿರಬೇಕು ಅಂದರೆ, ಎರಡೂ ಕೈ ಹಾಕಿ ಗಮನ ಕೊಟ್ಟು ತಳ್ಳಬೇಕು, ಆದರೆ ಸುತ್ತಿಗೆಯೂ ಬೇಡ, ಮೈಭಾರ ಹಾಕುವುದೂ ಬೇಡ. ಎರಡು ಬೆರಳಲ್ಲಿ ತಳ್ಳಿದರೆ ಹೋಗುತ್ತದಾ? ಸಡಿಲ. ನಡುವೆ ನಿಂತು ಉಸಿರು ಬಿಡಬೇಕಾಯಿತಾ? ಬಿಗಿ.

ಹಿಂದಿನಿಂದ ಬಿದ್ದ ಸ್ಯಾಬೊವನ್ನು ಬೆಳಕಿಗೆ ಹಿಡಿದು ನೋಡಿ. ನಾಲ್ಕೂ ಎಸಳಿನ ಮೇಲೆ ಏಣಿನ ಗುರುತು ಒಂದೇ ಆಳದಲ್ಲಿ ಮೂಡಿರಬೇಕು. ಒಂದು ಬದಿಗೆ ಆಳ, ಇನ್ನೊಂದು ಬದಿಗೆ ಬರೀ ಸವರಿದ ಗೆರೆ ಇದ್ದರೆ ಗುಂಡು ವಾರೆಯಾಗಿ ಒಳಗೆ ಹೋಗಿದೆ. ಬಾಯಿಯಲ್ಲಿ ಇಡುವಾಗಲೇ ನೆಟ್ಟಗೆ ಇಟ್ಟು ಇನ್ನೊಮ್ಮೆ ಮಾಡಿ. ಪ್ಲಾಸ್ಟಿಕ್ ಸುಲಿದು ಎಳೆ ಎಳೆಯಾಗಿ ಬಂದಿದ್ದರೆ ಆ ಜೋಡಿ ಬೇಡ. ಗುಂಡಿನ ತುದಿಯನ್ನೂ ನೋಡಿ. ಚೂಪು ತುದಿಯ ಗುಂಡಿಗೆ ಅದೇ ಆಕಾರಕ್ಕೆ ಕೊರೆದ ಜ್ಯಾಗ್ (ಬಿಚ್ಚಿ ಹಾಕುವ ತುದಿ ತುಂಡು) ರಾಡಿನ ತುದಿಗೆ ಹಾಕಿಕೊಳ್ಳಿ. ಚಪ್ಪಟೆ ತುದಿಯಿಂದ ತಳ್ಳಿದರೆ ಪಾಲಿಮರ್ ಮೂತಿ ಸೊಟ್ಟಗಾಗುತ್ತದೆ.

ಈ ಪರೀಕ್ಷೆ ಮುಗಿಯುವಷ್ಟರಲ್ಲಿ ಅರ್ಧದಷ್ಟು ಸ್ಯಾಬೊಗಳು ತಾವಾಗಿಯೇ ಹೊರಗೆ ಹೋಗುತ್ತವೆ. ಮದ್ದು ಖರ್ಚಿಲ್ಲ, ಅಪಾಯವಿಲ್ಲ. ಇದನ್ನು ಬಿಟ್ಟು ಸೀದಾ ರೇಂಜಿಗೆ ಹೋಗುವುದು ಸುಮ್ನೆ ದುಡ್ಡು ಸುಡುವುದು ಅಂತ ನನ್ನ ಅಭಿಪ್ರಾಯ.

ರೇಂಜಿನಲ್ಲಿ

ಮದ್ದಿನ ವಿಷಯದಲ್ಲಿ ಒಂದು ಗೆರೆ ದಾಟಲೇಬಾರದು. ಕರಿಮದ್ದು ಅಥವಾ ಅದಕ್ಕೆ ಬದಲಿಯಾಗಿ ಮಾಡಿದ ಪೈರೋಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209 ಇಂಥವನ್ನು, ನಿಮ್ಮ ರೈಫಲ್ ಕೈಪಿಡಿ ಒಪ್ಪಿದ್ದನ್ನು, ಮಾತ್ರ ಬಳಸಿ. ತೋಟೆಗಳಿಗೆ ತುಂಬುವ ಸ್ಮೋಕ್‌ಲೆಸ್ ಮದ್ದನ್ನು ಇದರೊಳಗೆ ಹಾಕಿದರೆ ನಳಿಗೆ ನಿಮ್ಮ ಮುಖದ ಪಕ್ಕದಲ್ಲೇ ಸಿಡಿಯುತ್ತದೆ. ಅಳತೆಯ ವಿಷಯದಲ್ಲೂ ಜೋಪಾನ. 100 ಗ್ರೇನ್ ಅಂತ ಹೇಳುವಾಗ ಅದು ಅಳತೆ ಕೊಳವೆಯ ಗಾತ್ರದ ಲೆಕ್ಕ, ತಕ್ಕಡಿಯ ತೂಕ ಅಲ್ಲ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಯಾವತ್ತೂ ಸುರಿಯಬೇಡಿ.

ಮ್ಯಾಗ್ನಮ್ ಅಂತ ಬರೆದ ರೈಫಲ್‌ಗಳಲ್ಲಿ 150 ಗ್ರೇನ್ ತನಕ ಒಪ್ಪಿಗೆ ಇರುತ್ತದೆ. ಅಷ್ಟು ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಜಿಂಕೆಗೆ 100ರ ಆಸುಪಾಸು ಸಾಕು. ಒತ್ತಡ ಕಡಿಮೆ ಇದ್ದಷ್ಟೂ ಪ್ಲಾಸ್ಟಿಕ್ ಉಳಿಯುತ್ತದೆ, ಗುಂಪು ಕೂಡುತ್ತದೆ, ಭುಜವೂ ನೋಯುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮದ್ದು, ಪ್ರೈಮರ್, ಗುಂಡು ಹಾಗೇ ಇರಲಿ, ಸ್ಯಾಬೊ ಮಾತ್ರ ಬದಲಾಗಲಿ. 50 ಯಾರ್ಡಿನಲ್ಲಿ ಮೂರು ಮೂರು ಈಡಿನ ಗುಂಪು ಹೊಡೆಯಿರಿ. ಅಲ್ಲಿ ಗೆದ್ದದ್ದನ್ನು ಮಾತ್ರ 100 ಯಾರ್ಡಿಗೆ ಒಯ್ಯಿರಿ. ಪ್ರತಿ ಈಡಿನ ನಂತರ ಸ್ವಲ್ಪ ಒದ್ದೆ ಮಾಡಿದ ಬಟ್ಟೆಚೂರು ಒಮ್ಮೆ, ಒಣ ಬಟ್ಟೆಚೂರು ಒಮ್ಮೆ ಆಡಿಸಿ. ಟ್ರಿಪಲ್ ಸೆವೆನ್ ಬಳಸುವವರಿಗೆ ಗುಂಡು ಕೂರುವ ಜಾಗದ ಸುತ್ತ ಗಟ್ಟಿ ಮಸಿಯ ಬಳೆ ಕಟ್ಟುತ್ತದೆ. ಅದನ್ನು ಒರೆಸದಿದ್ದರೆ ಮುಂದಿನ ಗುಂಡು ಅಲ್ಲೇ ನಿಲ್ಲುತ್ತದೆ. ಬ್ಲ್ಯಾಕ್‌ಹಾರ್ನ್‌ಗೆ ಈಡಿಗೊಮ್ಮೆ ಒರೆಸುವ ಕಷ್ಟ ಇಲ್ಲ, ಆದರೆ ಅದು ಚೆನ್ನಾಗಿ ಉರಿಯಬೇಕಾದರೆ ಮೇಲಿನ ಸ್ಯಾಬೊ ಬಿಗಿಯಾಗಿಯೇ ಇರಬೇಕು. ಸಡಿಲ ಸ್ಯಾಬೊ ಮತ್ತು ಬ್ಲ್ಯಾಕ್‌ಹಾರ್ನ್ ಒಳ್ಳೆಯ ಜೋಡಿ ಅಲ್ಲ.

ನಳಿಗೆ ಬಿಸಿಯಾಗಲು ಬಿಡಬೇಡಿ. ಬಿಸಿ ನಳಿಗೆಯಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ತುಂಬುವಾಗಲೇ ಹಾಳಾಗುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಹೊಡೆಯುತ್ತಿದ್ದ ಜೋಡಿ ಆರನೇ ಏಳನೇ ಈಡಿಗೆ ಕೆಟ್ಟಿತು ಅಂದರೆ ಸ್ಯಾಬೊ ಬೈಯುವ ಮೊದಲು ನಳಿಗೆ ಮುಟ್ಟಿ ನೋಡಿ. ಚಳಿಗೆ ಇದರ ಉಲ್ಟಾ. ಮಿಷಿಗನ್ ಅಥವಾ ಮಿನೆಸೋಟದ ಡಿಸೆಂಬರಿನಲ್ಲಿ ಪ್ಲಾಸ್ಟಿಕ್ ಸೆಟೆದು ಗಟ್ಟಿಯಾಗುತ್ತದೆ, ಸೆಪ್ಟೆಂಬರಿನಲ್ಲಿ ಸರಿಯಾಗಿ ಇಳಿದದ್ದು ಆಗ ಒದ್ದಾಡಿಸುತ್ತದೆ. ಬೇಟೆಯ ತಿಂಗಳ ಹವೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ.

ತುಂಬುವಾಗ ಬಾಯಿಯ ಮೇಲೆ ಬಗ್ಗಬೇಡಿ. ರಾಡಿನ ತುದಿಗೆ ಅಂಗೈ ಅಡ್ಡ ಇಡದೆ ಬದಿಯಿಂದ ಹಿಡಿಯಿರಿ, ಗಿಡ್ಡ ಗಿಡ್ಡ ಹಿಡಿತದಲ್ಲಿ ತಳ್ಳಿ. ಟ್ರಿಗರ್ ಒತ್ತಿದರೂ ಹೊತ್ತದಿದ್ದರೆ ಬಾಯಿ ಗುರಿಯ ಕಡೆಗೇ ಇರಲಿ, ಒಂದು ನಿಮಿಷವಾದರೂ ಅಲ್ಲಾಡದೆ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವುದು ಇದರಲ್ಲಿ ಅಪರೂಪವೇನಲ್ಲ.

ಬಿದ್ದ ಸ್ಯಾಬೊ ಓದುವುದು

ನನಗೆ ತುಂಬಾ ಇಷ್ಟದ ಭಾಗ ಇದು. ರೇಂಜ್ ನಿಲ್ಲಿಸಿದ ಮೇಲೆ, ಎಲ್ಲರೂ ಬಂದೂಕು ಕೆಳಗಿಟ್ಟ ಮೇಲೆ, ಮುಂದೆ ಹೋಗಿ ನಿಮ್ಮ ಸ್ಯಾಬೊಗಳನ್ನು ಹುಡುಕಿ. ಬಾಯಿಯಿಂದ ಬಹಳ ದೂರವೇನೂ ಹೋಗಿರುವುದಿಲ್ಲ. ಗುರಿಹಲಗೆ ಹೇಳದ ಎಷ್ಟೋ ಸಂಗತಿಗಳನ್ನು ಅವು ಹೇಳುತ್ತವೆ.

ಎಸಳುಗಳು ನಾಲ್ಕೂ ಒಂದೇ ಸಮ ಹಿಂದಕ್ಕೆ ಮಡಚಿ, ಬುಡ ಗಟ್ಟಿಯಾಗಿ ಉಳಿದು, ಏಣಿನ ಗುರುತು ಸ್ಪಷ್ಟವಾಗಿ ಕಂಡರೆ ಜೋಡಿ ಕೂಡಿಬಂದಿದೆ. ಬುಡ ಕರಗಿದ್ದರೆ, ಒಂದು ಬದಿ ಸುಟ್ಟು ಕಪ್ಪಾಗಿದ್ದರೆ ಅನಿಲ ಪಕ್ಕದಿಂದ ನುಗ್ಗಿದೆ. ಆಗ ಒಂದು ಥೌ ದಪ್ಪದ ಗುಂಡಿಗೆ ಹೋಗಿ, .451 ಇದ್ದರೆ .452 ಹಾಕಿ ನೋಡಿ. ಅಥವಾ ಪುಡಿ ಮದ್ದು ಬಳಸುವವರು ಮದ್ದಿಗೂ ಸ್ಯಾಬೊಗೂ ನಡುವೆ ಉಣ್ಣೆಯ ಬಿಲ್ಲೆ (ವ್ಯಾಡ್) ಒಂದನ್ನು ಇಡಬಹುದು, ಉರಿಯನ್ನು ಅದು ತಾನು ತಿನ್ನುತ್ತದೆ. ಬುಡದ ನಡುವೆ ತೂತು ಬಿದ್ದಿದ್ದರೆ ಮದ್ದು ಜಾಸ್ತಿ, ಕಡಿಮೆ ಮಾಡಿ. ಒಂದೇ ಎಸಳು ಹರಿದು ಹೋಗಿದ್ದರೆ ಬಹುಶಃ ತುಂಬುವಾಗಲೇ ಗಾಯವಾಗಿದೆ. ಬಾಯಿಯ ಅಂಚಿನಲ್ಲಿ ಕಚ್ಚು ಅಥವಾ ಚೂಪು ಇದೆಯಾ ಅಂತ ಹತ್ತಿಯ ತುಂಡು ಸವರಿ ನೋಡಿ, ಎಳೆ ಸಿಕ್ಕಿಕೊಂಡರೆ ಗನ್‌ಸ್ಮಿತ್‌ಗೆ ತೋರಿಸಿ. ಎಲ್ಲ ಎಸಳೂ ಕಿತ್ತುಹೋಗಿದ್ದರೆ ಪ್ಲಾಸ್ಟಿಕ್ಕೇ ಆ ಒತ್ತಡಕ್ಕೆ ಸಾಲದು, ಬೇರೆ ಬಗೆ ನೋಡಿ. ಏಣಿನ ಗುರುತೇ ಸರಿಯಾಗಿ ಇಲ್ಲದಿದ್ದರೆ ಸ್ಯಾಬೊ ತಿರುಚನ್ನು ಹಿಡಿದೇ ಇಲ್ಲ.

ತುಂಬಲು ಕಷ್ಟ, ಆದರೆ ಗುಂಪು ಮಾತ್ರ ಚೆಂದ ಅನ್ನುವ ಪರಿಸ್ಥಿತಿಯೂ ಬರುತ್ತದೆ. ಅಂಥ ಜೋಡಿಯನ್ನು ಗುರಿ ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಬೇಟೆಗೆ ಬೇಡ. ಗಾಯಗೊಂಡ ಪ್ರಾಣಿ ಎದುರಿಗೆ ನಿಂತಿರುವಾಗ ಎರಡನೇ ಈಡು ತುಂಬಲು ಆಗದಿದ್ದರೆ ಆ ಚೆಂದದ ಗುಂಪಿನಿಂದ ಏನು ಪ್ರಯೋಜನ? ಅದೇ ಸ್ಯಾಬೊಗೆ ಒಂದು ಥೌ ಕಡಿಮೆ ಗುಂಡು ಹಾಕಿದರೆ, ಅಥವಾ ಸ್ಯಾಬೊವನ್ನೇ ಕ್ರಶ್ ರಿಬ್‌ಗೆ ಬದಲಿಸಿದರೆ, ಎಷ್ಟೋ ಸಲ ಗುಂಪು ಕೆಡದೆ ಕೈ ಹಗುರಾಗುತ್ತದೆ. ಸ್ಯಾಬೊಗೆ ಎಣ್ಣೆ, ಗ್ರೀಸ್ ಸವರಿ ಇಳಿಸುವ ಉಪಾಯಕ್ಕೆ ಮಾತ್ರ ಹೋಗಬೇಡಿ, ಅದು ಕೆಳಗಿಳಿದು ಮದ್ದನ್ನು ಕೆಡಿಸುತ್ತದೆ.

ರಾಡಿನ ಮೇಲೆ ಗುರುತು

ಜೋಡಿ ಗೊತ್ತಾದ ಮೇಲೆ ರ್‍ಯಾಮ್‌ರಾಡಿಗೆ ಎರಡು ಗುರುತು ಹಾಕಿ. ಖಾಲಿ ನಳಿಗೆಯಲ್ಲಿ ರಾಡ್ ತಳ ಮುಟ್ಟಿದಾಗ ಬಾಯಿಗೆ ಸಮನಾಗಿ ಒಂದು. ನಿಮ್ಮ ಮದ್ದು, ಸ್ಯಾಬೊ, ಗುಂಡು ಸರಿಯಾಗಿ ಕೂತಾಗ ಇನ್ನೊಂದು. ಪ್ರತಿ ಸಲ ತುಂಬಿದಾಗಲೂ ಈ ಎರಡನೇ ಗುರುತು ಬಾಯಿಗೆ ಬರಲೇಬೇಕು. ಗುರುತು ಮೇಲೆ ನಿಂತಿದ್ದರೆ ಗುಂಡು ಮದ್ದು ಮುಟ್ಟಿಲ್ಲ, ಅಥವಾ ಮದ್ದು ಎರಡು ಸಲ ಬಿದ್ದಿದೆ. ಕೆಳಗೆ ಹೋಗಿದ್ದರೆ ಮದ್ದು ಕಡಿಮೆ. ಎರಡರಲ್ಲೂ ಪ್ರೈಮರ್ ಇಡಬಾರದು. ಬೇಟೆಯ ದಿನ ಮರದ ಮೇಲಿನ ಅಟ್ಟಣೆ ಹತ್ತಿ ಕೂತ ಮೇಲೆ ಮತ್ತೊಮ್ಮೆ, ಮಧ್ಯಾಹ್ನ ಇನ್ನೊಮ್ಮೆ ರಾಡ್ ಇಳಿಸಿ ಇದೇ ಗುರುತು ನೋಡಿ, ಪ್ರೈಮರ್ ತೆಗೆದಿಟ್ಟೇ ನೋಡಿ. ನಡಿಗೆಯಲ್ಲಿ ಗುಂಡು ಸರಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಗುಂಡಿನ ವ್ಯಾಸ, ತೂಕ, ಸ್ಯಾಬೊದ ಹೆಸರು, ಮದ್ದಿನ ಅಳತೆ, ಪ್ರೈಮರ್, ಆ ದಿನದ ಚಳಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಒಪ್ಪಿದ ಸ್ಯಾಬೊ ಈಗ ದೊಡ್ಡ ಪೊಟ್ಟಣದಲ್ಲಿ ಕೊಳ್ಳಿ. ಹೊಸ ಪೊಟ್ಟಣ ತೆರೆದಾಗ ಎರಡು ಮೂರನ್ನು ಮತ್ತೆ ಅಳೆಯಿರಿ, ಅಚ್ಚು ಬದಲಾದರೆ ದಪ್ಪವೂ ಬದಲಾಗಬಹುದು.

ಮನೆಗೆ ಬಂದ ದಿನವೇ ನಳಿಗೆ ತೊಳೆಯಿರಿ. ಪೈರೋಡೆಕ್ಸ್ ಮತ್ತು ಕರಿಮದ್ದಿನ ಮಸಿ ಒಂದು ರಾತ್ರಿಯಲ್ಲೇ ತುಕ್ಕು ತರಿಸುತ್ತದೆ, ಬಿಸಿನೀರು ಸೋಪು ಅದಕ್ಕೆ ಸಾಕು. ಆದರೆ ಸ್ಯಾಬೊ ಬಿಟ್ಟುಹೋದ ತೆಳು ಪ್ಲಾಸ್ಟಿಕ್ ಪದರ ನೀರಿಗೆ ಬರುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ ಕರಗಿಸುವ ಬೋರ್ ಸಾಲ್ವೆಂಟ್ ಹಾಕಿ, ಕಂಚಿನ ಬ್ರಶ್ ಆಡಿಸಿ, ಬಟ್ಟೆ ಬಿಳಿಯಾಗಿ ಹೊರಬರುವ ತನಕ ಒರೆಸಿ. ಈ ಪದರ ಉಳಿದರೆ ನೀವು ಅಷ್ಟು ಕಷ್ಟಪಟ್ಟು ಅಳೆದ ನಳಿಗೆಯ ಅಳತೆಯೇ ಬದಲಾಗಿರುತ್ತದೆ.